ದೇವರ ಮನೆ ಮುಂದಿನ ಹಲಗೆ

ಯಾರ ಮನೆಗೆ ಹೋದರೂ ನಾನು ಮೊದಲು ನೆಲ ಮೂಸುತ್ತೇನೆ. ಮಂಡಿಯೂರಿ ಮೂಸುವುದಿಲ್ಲ, ಅಷ್ಟು ಮರ್ಯಾದೆ ಇನ್ನೂ ಉಳಿದಿದೆ. ಚಪ್ಪಲಿ ಬಿಡುವ ನೆಪದಲ್ಲಿ ಒಂದು ಗಳಿಗೆ ಹೆಚ್ಚು ಬಾಗಿರುತ್ತೇನೆ, ಅಷ್ಟೇ. ಆ ಒಂದು ಉಸಿರಿನಲ್ಲಿ ಆ ಮನೆಯವರು ನೆಲಕ್ಕೆ ಯಾವ ಫಿನಾಯಿಲ್ ಹಾಕುತ್ತಾರೆ, ಮೂಲೆಯಲ್ಲಿ ಬೆಕ್ಕು ಏನು ಮಾಡಿಟ್ಟಿದೆ, ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ ಎಂಬುದೆಲ್ಲ ನನಗೆ ತಿಳಿದುಬಿಡುತ್ತದೆ. ಮೊನ್ನೆ ಒಂದು ನಾಮಕರಣಕ್ಕೆ ಹೋದಾಗಲೂ ಹೀಗೇ ಬಾಗಿದ್ದೆ. ಆ ಮನೆಯಾಕೆ ಗಾಬರಿಯಾಗಿ, "ಯಾಕ್ರೀ, ಸೊಂಟ ಹಿಡ್ಕೊಂಡ್ಬುಡ್ತಾ?" ಎಂದು ಕೇಳಿದರು. ಹೌದು ಎಂದೆ. ಅವರು ಒಳಗಿನಿಂದ ನೋವಿನ ಮುಲಾಮು ತಂದು ತಾವೇ ಹಚ್ಚಿದರು. ಊಟದಲ್ಲಿ ಶಾವಿಗೆ ಪಾಯಸವೂ ಮುಲಾಮಿನ ವಾಸನೆ ಹೊಡೆಯಿತು. ಸುಳ್ಳು ಹೇಳಿದರೆ ಇಷ್ಟಾದರೂ ಅನುಭವಿಸಬೇಕು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಬೋಂಡನಿಂದ ಬಂದದ್ದು.

ಬೋಂಡ ನನ್ನ ನಾಯಿ. ಕಂದು ಬಣ್ಣ, ದುಂಡು ಮೈ, ಒಂದು ಕಿವಿ ನಿಂತಿರುತ್ತಿತ್ತು, ಇನ್ನೊಂದು ಬಿದ್ದಿರುತ್ತಿತ್ತು. ಬೀದಿಯದೇ ಜಾತಿ. ಅವನು ನನ್ನ ಮನೆ ಸೇರಿದ ಬಗ್ಗೆ ನನ್ನ ಬಳಿ ಎರಡು ಕಥೆಗಳಿವೆ. ಒಂದರಲ್ಲಿ ಜೋರು ಮಳೆ, ಮೋರಿಯ ಪೈಪು, ಅದರೊಳಗೆ ನಡುಗುತ್ತಿರುವ ಮರಿ. ಇನ್ನೊಂದರಲ್ಲಿ ಹಾಲಿನ ಸಿದ್ದಮ್ಮನ ಹಿಂದೆ ಬಂದವನು ಗೇಟು ತೆರೆದಿದ್ದರಿಂದ ಒಳಗೆ ಬಂದು ಬಿಸಿಲಿಗೆ ಮಲಗಿದ. ಕೇಳುವವರಿಗೆ ಮಳೆಯದೇ ಇಷ್ಟ. ನಾನೂ ಅದನ್ನೇ ಹೆಚ್ಚು ಸಲ ಹೇಳಿದ್ದೇನೆ, ಹೇಳಿ ಹೇಳಿ ಈಗ ಆ ಪೈಪಿನ ತುಕ್ಕು ಕೂಡ ಕಣ್ಣಿಗೆ ಕಟ್ಟುತ್ತದೆ. ಆದರೆ ನಮ್ಮ ಬಡಾವಣೆ ದಟ್ಟಗಳ್ಳಿಯಲ್ಲಿ ಅವತ್ತು ಮಳೆ ಬಂದಿತ್ತೇ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ಮಾತು ಬದಲಿಸುತ್ತೇನೆ. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮುಂದೆ ಇನ್ನೂ ಕೆಲವು ನೆನಪುಗಳನ್ನು ನಿಮ್ಮ ಮುಂದೆ ಇಡುವವಳಿದ್ದೇನೆ. ಅವುಗಳನ್ನೂ ಇದೇ ಅನುಮಾನದಿಂದ ನೋಡಿ.

ಮೈಸೂರಿನಲ್ಲಿ ಮರದ ನೆಲ ಹಾಕಿಸುವುದು ಹುಚ್ಚು. ಇಲ್ಲಿ ನಾವೆಲ್ಲ ಕೆಂಪು ಗಾರೆಯ ಮೇಲೆ ಬೆಳೆದವರು. ಚಿಕ್ಕವರಿದ್ದಾಗ ನಾವಿದ್ದದ್ದು ಬನ್ನಿಮಂಟಪದ ಒಂದು ಬಾಡಿಗೆ ಮನೆಯಲ್ಲಿ. ಅಜ್ಜಿ ಅಲ್ಲಿಯ ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ಸವರಿ, ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದರು. ಬೇಸಿಗೆ ಮಧ್ಯಾಹ್ನ ನಾನು, ಅಕ್ಕ ಅದಕ್ಕೆ ಕೆನ್ನೆ ಒತ್ತಿಕೊಂಡು ಮಲಗುತ್ತಿದ್ದೆವು. ದಸರೆಯಲ್ಲಿ ಪಂಜಿನ ಕವಾಯತು ನೋಡಲು ಬಂದ ನೆಂಟರೆಲ್ಲ ಅದೇ ನೆಲದ ಮೇಲೆ ಸಾಲಾಗಿ ಉರುಳಿಕೊಳ್ಳುತ್ತಿದ್ದರು. ಬೆಳಿಗ್ಗೆ ಅವರು ಏಳುವ ಮೊದಲೇ ಅಜ್ಜಿ ಬಕೆಟ್ಟು ಹಿಡಿದು ನಿಂತಿರುತ್ತಿದ್ದರು. ನೆಲವೆಂದರೆ ತೊಳೆಯುವ ವಸ್ತು, ಮನುಷ್ಯರು ಅದರ ಮೇಲೆ ಸ್ವಲ್ಪ ಹೊತ್ತು ಇರುತ್ತಾರೆ, ಅಷ್ಟೇ ಎಂಬುದು ಅವರ ನಂಬಿಕೆ.

ಅದೇ ಮನೆಯ ಹಿತ್ತಲ ಜಗಲಿಯಲ್ಲಿ ಒಂದು ಮೂಲೆಯಿತ್ತು. ತಿಂಗಳಿಗೆ ಮೂರು ದಿನ ಅಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ದೊಡ್ಡವಳಾದ ಹೊಸತರಲ್ಲಿ ನಾನು ಅಲ್ಲಿ ಕೂತು ಗೋಡೆಯ ಸುಣ್ಣ ಕೆರೆಯುತ್ತಿದ್ದೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದ ಮೇಲೆ ಅಜ್ಜಿ ಮಾವಿನೆಲೆಯಿಂದ ಆ ಮೂಲೆಗೂ ನನ್ನ ಮೇಲೂ ಗಂಜಲ ಚಿಮುಕಿಸುತ್ತಿದ್ದರು. ಹಸುವಿನ ಮೂತ್ರದ ಆ ಬೆಚ್ಚಗಿನ ಹನಿ ತುಟಿಗೆ ತಾಗಿದ್ದು, ನಾನು ಉಗಿದದ್ದು, ಅಜ್ಜಿ ಕಣ್ಣು ಕೆಂಪಗೆ ಮಾಡಿದ್ದು ಎಲ್ಲ ನೆನಪಿದೆ. ಮಹಿಳಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಾಗ ಈ ಮೂಲೆಯ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ವೇದಿಕೆಯ ಮೇಲೆ ಹೇಳುತ್ತಿದ್ದೆ. ಹುಡುಗಿಯರ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಕಣ್ಣಲ್ಲೂ ಬರುತ್ತಿತ್ತು.

ಕೆಲಸದಿಂದ ನಿವೃತ್ತಳಾದ ಮೇಲೆ ದಟ್ಟಗಳ್ಳಿಯ ಮನೆಯ ಹಾಲಿಗೆ ಮರದ ನೆಲ ಹಾಕಿಸಿದೆ. ಮಂಡಿ ನೋವಿಗೆ ತಣ್ಣನೆಯ ಟೈಲ್ಸು ಆಗದು ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಹಮ್ಮು. ಯಾವುದೋ ಹಳೇ ಬಂಗಲೆ ಕೆಡವಿದಾಗ ಸಿಕ್ಕ ತೇಗದ ಹಲಗೆಗಳು, ಜೇನಿನ ಬಣ್ಣ, ಒಂದೊಂದರಲ್ಲೂ ನೀರಿನ ಅಲೆಯಂಥ ಗೆರೆ. ಬೀದಿಯವರೆಲ್ಲ ನೋಡಿಕೊಂಡು ಹೋದರು.

"ಗೆದ್ದಲು ಹಿಡಿಯಲ್ವಾ ಮೇಡಂ?"

"ಹಿಡಿಯಲ್ಲ, ಇದು ತೇಗ."

"ತೊಳೆಯೋದು ಎಂಗೆ?"

"ತೊಳೆಯೋ ಹಾಗಿಲ್ಲ. ಬಟ್ಟೆ ಚೆನ್ನಾಗಿ ಹಿಂಡಿ ಒರೆಸೋದು."

ಆ ಉತ್ತರಕ್ಕೆ ಎದುರು ಮನೆಯಾಕೆ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಸ್ನಾನ ಮಾಡುವ ಹಾಗಿಲ್ಲದ ಗಂಡನನ್ನು ಕಟ್ಟಿಕೊಂಡವಳನ್ನು ನೋಡುವ ಹಾಗೆ ನೋಡಿದರು.

ಬೋಂಡನಿಗೆ ಆ ನೆಲದ ಬಗ್ಗೆ ಯಾವ ತಕರಾರೂ ಇರಲಿಲ್ಲ. ಅವನ ಉಗುರು ಹಲಗೆಯ ಮೇಲೆ ಟಕಟಕ ಎನ್ನುತ್ತಿತ್ತು. ತನ್ನ ಕೆಲಸಗಳನ್ನೆಲ್ಲ ಎದುರಿನ ಖಾಲಿ ಸೈಟಿನಲ್ಲಿ ಮುಗಿಸಿ, ಕಾಲು ಒರೆಸಿಸಿಕೊಂಡು ಒಳಗೆ ಬರುತ್ತಿದ್ದ. ಒಂದು ಹನಿಯನ್ನೂ ಒಳಗೆ ಚೆಲ್ಲಿದವನಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಆಮೇಲೆ ಸರೋಜಕ್ಕ ಬಂದಳು. ನನ್ನ ಒಡಹುಟ್ಟಿದ ಅಕ್ಕ. ಭಾವ ತೀರಿಕೊಂಡ ಮೇಲೆ ಮಗಳ ಫ್ಲ್ಯಾಟಿನಲ್ಲಿದ್ದಳು. ಅಲ್ಲಿ ಅವಳಿಗೆ ಊಟ ತಿಂಡಿಗೆ ಕೊರತೆಯಿರಲಿಲ್ಲ. ಅವಳ ದೇವರಿಗೆ ಮಾತ್ರ ವಾಷಿಂಗ್ ಮಶೀನಿನ ಮೇಲೆ ಜಾಗ ಕೊಟ್ಟಿದ್ದರು. ಬಟ್ಟೆ ಹಿಂಡುವಾಗ ಮಶೀನು ಗಡಗಡ ಎಂದರೆ ದೇವರೂ ಕುಣಿಯುತ್ತಿತ್ತಂತೆ. ಒಂದು ದಿನ ಅಳಿಯ ನಗುತ್ತಾ, "ನೋಡಿ ಅತ್ತೆ, ನಿಮ್ಮ ದೇವರಿಗೆ ಮೈಮೇಲೆ ಬಂದಿದೆ" ಎಂದನಂತೆ. ಅಕ್ಕ ದೇವರನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು.

"ಇರ್ಬೌದೇನೇ ನಿನ್ನ ಮನೇಲಿ?" ಎಂದು ಗೇಟಿನ ಹೊರಗೇ ನಿಂತು ಕೇಳಿದಳು. ಅಕ್ಕ ನನ್ನನ್ನು ಅನುಮತಿ ಕೇಳಿದ್ದು ಅದೇ ಮೊದಲು. ಕೇಳಿದ ರೀತಿಗೆ ನನಗೆ ಸಿಟ್ಟು ಬಂತು, ಬೈದು ಒಳಗೆ ಕರೆದುಕೊಂಡೆ.

ಹಾಲಿಗೆ ಅಂಟಿಕೊಂಡಿದ್ದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ ದೇವರ ಮನೆ ಮಾಡಿದೆವು. ನನಗೆ ಪೂಜೆ ಪುನಸ್ಕಾರ ಆಗದು. ಅದರೊಳಗೆ ಕಾಲಿಡುವುದಿಲ್ಲ ಎಂದು ಆವತ್ತೇ ಘೋಷಿಸಿದೆ, ಏನೋ ದೊಡ್ಡ ತತ್ವ ಪಾಲಿಸುವವಳ ಹಾಗೆ. ಪುರೋಹಿತರು ಬಂದು ಶುದ್ಧಿ ಮಾಡಿದರು. ನಾನು ಅಡುಗೆ ಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. ಮಂತ್ರ ಕೇಳಿಸುತ್ತಿತ್ತು, ಮಾಡುವುದು ಕಾಣುತ್ತಿರಲಿಲ್ಲ.

ಮಾರನೆಯ ದಿನ ಬೋಂಡ ದೇವರ ಮನೆಯ ಮುಂದಿನ ಹಲಗೆಯ ಹತ್ತಿರ ಹೋಗಿ, ಮೂಸಿ, ಇನ್ನೊಮ್ಮೆ ಮೂಸಿ, ಕಾಲೆತ್ತಿದ.

"ಅಯ್ಯಯ್ಯೋ! ದೇವರ ಮುಂದೆ ಕಣೇ!" ಎಂದು ಅಕ್ಕ ಕಿರುಚಿದಳು.

ಮರಕ್ಕೂ ಮೂತ್ರಕ್ಕೂ ಇರುವ ಸಂಬಂಧದ ಬಗ್ಗೆ ನನಗೀಗ ಗೊತ್ತಿರುವಷ್ಟು ಯಾರಿಗೂ ಗೊತ್ತಾಗದಿರಲಿ. ತಕ್ಷಣ ಹಳೇ ಪಂಚೆಯ ಬಟ್ಟೆ ಹಾಕಿ ಒತ್ತಬೇಕು. ಉಜ್ಜಬಾರದು, ಉಜ್ಜಿದರೆ ಅದು ಎರಡು ಹಲಗೆಗಳ ಸಂದಿಗೆ ಇಳಿಯುತ್ತದೆ. ಸಂದಿಗೆ ಇಳಿದದ್ದು ಮರದೊಳಗಿನ ಒಗರಿನ ಜೊತೆ ಸೇರಿ ಕಪ್ಪಾಗುತ್ತದೆ. ಬಿಳಿ ವಿನೆಗರ್‌ಗೆ ನೀರು ಬೆರೆಸಿ ಒರೆಸಬೇಕು, ಮೇಲೆ ಅಡುಗೆ ಸೋಡ ಉದುರಿಸಿ ವಾಸನೆ ಹೀರಲು ಬಿಡಬೇಕು. ಸಾಕುಪ್ರಾಣಿ ಅಂಗಡಿಯಲ್ಲಿ ಒಂದು ದ್ರಾವಣ ಸಿಗುತ್ತದೆ, ಅದರಲ್ಲಿರುವ ಕಿಣ್ವಗಳು ಮೂತ್ರವನ್ನೇ ತಿಂದುಹಾಕುತ್ತವೆಯಂತೆ. ವರ್ಷಗಟ್ಟಲೆ ಯೂರಿಯಾದ ಸೂತ್ರ ಬರೆಸಿದ ನಾನು ಅಂಗಡಿಯ ಹುಡುಗಿಯಿಂದ ಅದನ್ನು ಕಲಿತು, ಬಾಟಲಿ ಎದೆಗವಚಿಕೊಂಡು ಬಂದೆ. ಮಂಡಿಯೂರಿ ಮೂಸುವುದನ್ನು ಕಲಿತದ್ದೂ ಆಗಲೇ.

ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಅಲ್ಲಾ ಕಣೆ, ಉಪ್ಪಿನಕಾಯಿಗೆ ಹಾಕೋ ಹುಳೀನ ನೆಲಕ್ಕೆ ಹಾಕ್ತಿದ್ದೀಯ. ಒಂದು ಬಕೆಟ್ ನೀರು ಹುಯ್ದು ಬುಡು, ಹೋಗತ್ತೆ."

"ನೀರು ಹುಯ್ದರೆ ಹಲಗೆ ಉಬ್ಬತ್ತೆ ಅಕ್ಕ."

"ಉಚ್ಚೆ ಹುಯ್ದರೆ ಉಬ್ಬಲ್ವಾ?"

ನಾನು ಇನ್ನೊಂದು ಒಣ ಬಟ್ಟೆ ಹಾಕಿ ಒತ್ತಿದೆ.

ಅವನು ಮತ್ತೆ ಮಾಡಿದ. ಅದೇ ಹಲಗೆ, ಅದೇ ಜಾಗ. ನಾನು ಒತ್ತಿದೆ, ಒರೆಸಿದೆ, ಕಿಣ್ವ ಸುರಿದೆ, ಪ್ಲಾಸ್ಟಿಕ್ ಹಾಳೆ ಹಾಸಿದೆ. ಅಕ್ಕ ಪೂಜೆಗೆ ಕೂರುವಾಗ ಹಾಳೆ ತೆಗೆಯುತ್ತಿದ್ದಳು. ಬೆಳಗಿನ ವಾಕಿಂಗ್ ಮುಗಿಸಿ ಬಂದು ನಾನು ಮೂಸಿದರೆ ಊದುಬತ್ತಿ, ಕರ್ಪೂರ, ಅವುಗಳ ಅಡಿಯಲ್ಲಿ ಮತ್ತೇನೋ. ಆ ಮತ್ತೇನೋ ಹೋಗುತ್ತಲೇ ಇರಲಿಲ್ಲ. ಎಷ್ಟು ಒರೆಸಿದರೂ ಹೋಗದ್ದು ನನ್ನ ಕೆಲಸದ ಕೊರತೆಯೇ ಇರಬೇಕು ಎಂದುಕೊಂಡು ಇನ್ನಷ್ಟು ಒರೆಸಿದೆ.

ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಬೋಂಡನ ಹೊಟ್ಟೆ ಅಮುಕಿ, ಮೂತ್ರ ಪರೀಕ್ಷಿಸಿ, "ಕಾಯಿಲೆ ಏನೂ ಇಲ್ಲ ಮೇಡಂ" ಎಂದರು. "ವಾಸನೆ ಪೂರ್ತಿ ಹೋಗಿರಲ್ಲ. ಮೂತ್ರದ ವಾಸನೆ ಬಂದ ಕಡೆ ಅವು ಮತ್ತೆ ಮತ್ತೆ ಮಾಡ್ತವೆ, ಇದು ನಂದೂ ಜಾಗ ಅಂತ ಹೇಳೋಕೆ. ಮನೇಗೆ ಹೊಸಬರು ಯಾರಾದ್ರೂ ಬಂದ್ರಾ?"

"ನಮ್ಮಕ್ಕ ಬಂದಿದ್ದಾಳೆ."

"ಅದೇ ಇರ್ಬೇಕು. ಹೊಟ್ಟೆಕಿಚ್ಚು."

ಹೊಟ್ಟೆಕಿಚ್ಚು! ಎಂಥ ಚೆಂದದ ವಿವರಣೆ. ಎಲ್ಲವೂ ಸರಿಯಾಗಿ ಕೂತಿತು. ಅಕ್ಕ ಬಂದಳು, ಮಾರನೆಯ ದಿನವೇ ಶುರುವಾಯಿತು. ಹೀಗೆ ಅಚ್ಚುಕಟ್ಟಾಗಿ ಕೂರುವುದನ್ನು ಕಂಡರೆ ಅನುಮಾನ ಪಡುವ ನಾನು ಅಂದು ಪಡಲಿಲ್ಲ. ಮನೆಗೆ ಬಂದು ನಗುತ್ತಲೇ ಅಕ್ಕನಿಗೆ ಹೇಳಿದೆ. "ನಿನ್ನನ್ನ ಕಂಡ್ರೆ ಹೊಟ್ಟೆಕಿಚ್ಚಂತೆ ಅವನಿಗೆ."

ಅಕ್ಕ ನಗಲಿಲ್ಲ. ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. "ಹಂಗಾದ್ರೆ ನಾನು ಇರೋಗಂಟ ಮಾಡ್ತಾನೆ."

"ಹಾಗಲ್ಲ ಅಕ್ಕ."

"ಮತ್ತೆ ಎಂಗೆ? ಅಲ್ಲಿ ದೇವರು ಕುಣೀತಿತ್ತು. ಇಲ್ಲಿ ದೇವರ ಮುಂದೆ ಉಚ್ಚೆ. ನಾನು ಎಲ್ಲಿಗೆ ಹೋದ್ರೂ ಇಷ್ಟೇ ಕಣೆ, ನನ್ನ ದೇವರಿಗೇ ಬಂದು ಹೊಡಿಯತ್ತೆ."

ಅಂದಿನಿಂದ ಬೋಂಡನ ಒಂದೊಂದು ಹನಿಯೂ ಅಕ್ಕನಿಗೆ ತನ್ನ ಮೇಲೆ ಬರೆದ ದೂರಾಯಿತು. ವಿಚಿತ್ರವೆಂದರೆ ಅವಳು ಅವನನ್ನು ದ್ವೇಷಿಸಲೂ ಇಲ್ಲ. ತಾನು ಉಣ್ಣುವ ಮೊದಲು ಅವನಿಗೆ ಮೊಸರನ್ನ ಕಲಸುತ್ತಿದ್ದಳು. "ಬಾರೋ ಬೋಂಡಪ್ಪ, ತಿನ್ನು. ತಿಂದ್ಬುಟ್ಟು ದೊಡ್ಡ ಮನಸ್ಸು ಮಾಡೋ" ಎಂದು ಅವನ ಕಿವಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಅವನು ತಿನ್ನುತ್ತಿದ್ದ. ದೊಡ್ಡ ಮನಸ್ಸು ಮಾಡುತ್ತಿರಲಿಲ್ಲ.

ಒಂದು ಶುಕ್ರವಾರ ನೆಲ ಒರೆಸಿ ಒಣಗಿದ ಮೇಲೆ, ದೀಪ ಹಚ್ಚಲು ಅಕ್ಕ ಬತ್ತಿ ಹೊಸೆಯುತ್ತಿರುವಾಗಲೇ, ಬೋಂಡ ಬಂದು ಅವಳೆದುರೇ ಮಾಡಿದ. ಅಕ್ಕ ಕಿರುಚಲಿಲ್ಲ. ಎದ್ದು ಒಳಗೆ ಹೋದಳು. ನಾನು ಒರೆಸಿ ಮುಗಿಸಿ ನೋಡಿದರೆ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗೆ?"

"ಮಗಳ ಮನೇಗೆ."

"ವಾಷಿಂಗ್ ಮಶೀನ್ ಮೇಲಕ್ಕಾ?"

"ಕುಣಿದ್ರೆ ಕುಣೀಲಿ ಬುಡು. ಅದು ಒದ್ದೆಯಂತೂ ಆಗಲ್ಲ."

ನಾನು ಚೀಲವನ್ನು ಕಿತ್ತುಕೊಂಡೆ. ಅಕ್ಕ ಇರಬೇಕು, ಇಲ್ಲ ಬೋಂಡ ಇರಬೇಕು. ಆ ಚೀಲ ನನ್ನ ಕೈಯಲ್ಲಿದ್ದಾಗ ಬೇರೆ ಯಾವ ಲೆಕ್ಕವೂ ಬರಲಿಲ್ಲ.

ಹಾಲಿನ ಸಿದ್ದಮ್ಮನ ಅಣ್ಣ ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ, ಕಟ್ಟುತ್ತಿರುವ ಮನೆಯೊಂದರ ಕಾವಲಿಗಿದ್ದ. ಅವನಿಗೆ ನಾಯಿ ಬೇಕಿತ್ತು. ಬೋಂಡ ಆಟೋದಲ್ಲಿ ನನ್ನ ತೊಡೆಯ ಮೇಲೆ ಕೂತು, ನಿಂತ ಕಿವಿಯನ್ನು ಗಾಳಿಗೆ ಕೊಟ್ಟು, ಸಂತೋಷವಾಗಿಯೇ ಬಂದ. ಕಣ್ಣಲ್ಲಿ ಏನೋ ಇತ್ತು ಎಂದು ಬರೆಯಲು ಕೈ ಹೋಗುತ್ತಿದೆ. ಇರಲಿಲ್ಲ. ಅವನಿಗೆ ಆಟೋ ಎಂದರೆ ಇಷ್ಟ, ಅಷ್ಟೇ. ಮರಳಿನ ಗುಡ್ಡೆ ಕಂಡವನೇ ಹಾರಿ ಓಡಿದ. ನಾನು ಹೊರಡುವಾಗ ಅವನು ತಿರುಗಿ ನೋಡಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ತಿರುಗಿ ನೋಡಲಿಲ್ಲ.

ಈಗ ನೆಲದ ರಕ್ಷಣೆ ಸಲೀಸಾಯಿತು. ಪಾಲಿಶ್ ಮಾಡುವವನನ್ನು ಕರೆಸಿದೆ. ಅವನು ಕಪ್ಪಾದ ಹಲಗೆಯನ್ನು ಮರಳು ಕಾಗದದಿಂದ ಉಜ್ಜಿ, ಕಲೆಗೆ ಯಾವುದೋ ಮದ್ದು ಹಚ್ಚಿ ಬಿಳುಪು ಮಾಡಿ, ಮೇಲೆ ಗಾಜಿನಂಥ ಪದರ ಕೊಟ್ಟ. "ಇನ್ನು ಏನು ಚೆಲ್ಲಿದ್ರೂ ಒಳಕ್ಕೆ ಇಳಿಯಲ್ಲ ಮೇಡಂ. ನಾಯಿ ಸಾಕಿದ್ರೂ ಪರ್ವಾಗಿಲ್ಲ" ಎಂದ. ಪಾಪ, ಅವನಿಗೇನು ಗೊತ್ತು. ಮೂಸಿ ನೋಡಿದೆ. ವಾರ್ನಿಶ್ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಪದರ ಒಣಗಿದ ಮರುದಿನ ಬೆಳಿಗ್ಗೆ ಮೋಡ ಕಟ್ಟಿತ್ತು, ವಾಕಿಂಗ್ ಹೋಗಲಿಲ್ಲ. ಪೇಪರು ಹಿಡಿದು ಹಾಲಿನಲ್ಲಿ ಕೂತಿದ್ದೆ. ಅಕ್ಕ ಸ್ನಾನ ಮಾಡಿ ಬಂದು ದೇವರ ಮನೆಯೊಳಗಿನಿಂದ ಒಂದು ನೀರಿನ ಬಾಟಲಿ ತಂದಳು. ಒಳಗೆ ತಿಳಿಹಳದಿ. ಅಂಗೈಗೆ ಸ್ವಲ್ಪ ಬಗ್ಗಿಸಿಕೊಂಡು ಮಾವಿನೆಲೆಯಿಂದ ಅದೇ ಹಲಗೆಯ ಮೇಲೆ ಚಿಮುಕಿಸಿದಳು. ಆ ವಾಸನೆ ನನ್ನ ಕುರ್ಚಿಯವರೆಗೂ ಬಂತು. ವಾರ್ನಿಶ್ಶನ್ನು ಸರಿಸಿಕೊಂಡು ಬಂತು. ಮತ್ತೇನೋ ಎನ್ನುತ್ತಿದ್ದೆನಲ್ಲ, ಅದೇ.

"ಏನೇ ಅಕ್ಕ ಅದು?"

"ಗಂಜಲ ಕಣೆ. ಸಿದ್ದಮ್ಮ ತಂದ್ಕೊಡ್ತಾಳೆ. ಆ ಪಾಲಿಶ್ ಆಯಪ್ಪ ಚಪ್ಪಲಿ ಹಾಕ್ಕೊಂಡೇ ದೇವರ ಮುಂದೆ ಓಡಾಡ್ದ."

"ಇದಕ್ಕೆ ಮುಂಚೆ ಯಾವಾಗ ಹಾಕಿದ್ದೆ?"

"ಯಾವಾಗ ಅಂದ್ರೆ? ಬೋಂಡ ಮಾಡ್ದಾಗೆಲ್ಲ ಹಾಕ್ತಿದ್ನಲ್ಲ. ನೀನು ಒರೆಸ್ಬುಟ್ಟು ಹೋದ್ಮೇಲೆ."

"ಮೊದಲನೇ ಸಲ?"

"ಮೊದಲು ಪುರೋಹಿತರು ಹಾಕಿದ್ರು, ದೇವರನ್ನ ಇಡೋವಾಗ."

ಪೇಪರು ನನ್ನ ಕೈಯಲ್ಲೇ ಇತ್ತು. ನಾನು ಕಿಣ್ವ ಸುರಿದು ಮೂತ್ರದ ವಾಸನೆಯನ್ನು ಅಳಿಸುತ್ತಿದ್ದೆ. ಅಕ್ಕ ಬಂದು ಮೂತ್ರದ ವಾಸನೆಯನ್ನು ಮತ್ತೆ ಹಾಕುತ್ತಿದ್ದಳು. ಬೋಂಡ ಬಂದು, ಅರೆ, ಯಾವುದೋ ದೊಡ್ಡ ಪ್ರಾಣಿ ನಮ್ಮ ಮನೆಯೊಳಗೆ ಗುರುತು ಹಾಕಿ ಹೋಗಿದೆಯಲ್ಲ ಎಂದು ತನ್ನ ಗುರುತು ಹಾಕುತ್ತಿದ್ದ. ಅವನಿಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚೇ ಇರಲಿಲ್ಲ. ಮನೆ ಕಾಯುತ್ತಿದ್ದ.

"ಅಕ್ಕ, ಅದು ಮೂತ್ರ" ಎಂದೆ.

"ಯಾವುದು?"

"ನಿನ್ನ ಕೈಲಿರೋದು. ಅದರ ವಾಸನೆಗೇ ಅವನು ಬಂದು ಮಾಡ್ತಿದ್ದಿದ್ದು."

"ಥೂ! ಬಾಯಿಗೆ ಬಂದಂಗೆ ಮಾತಾಡ್ಬೇಡ. ಗಂಜಲ ಎಲ್ಲಾದ್ರೂ ಉಚ್ಚೆ ಆಗತ್ತೇನೇ?"

"ನಾಯಿಗೆ ಆಗತ್ತೆ."

ಅಕ್ಕ ಎಲೆಯನ್ನು ಹಿಡಿದುಕೊಂಡೇ ನಿಂತಳು. ಅವಳಿಗೆ ಅರ್ಥವಾಗುವುದನ್ನು ನಾನು ಕಣ್ಣಾರೆ ಕಂಡೆ. ಅದನ್ನು ನೋಡಬಾರದಿತ್ತು. ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಆದರೆ ಸಿಟ್ಟು ನೆತ್ತಿಗೇರಿತ್ತು.

"ಅಜ್ಜಿ ನನ್ನ ಮೇಲೂ ಇದನ್ನೇ ಚಿಮುಕಿಸ್ತಿದ್ರು, ಆ ಹಿತ್ತಲ ಮೂಲೇಲಿ ಕೂರಿಸಿ. ನೀನೂ ಅದನ್ನೇ ಮುಂದುವರಿಸ್ಕೊಂಡು ಬಂದಿದ್ದೀಯಲ್ಲ!"

"ನಿನ್ನನ್ನ ಎಲ್ಲಿ ಕೂರ್ಸಿದ್ರು?" ಅಕ್ಕನ ದನಿಯಲ್ಲಿ ಜಗಳವಿರಲಿಲ್ಲ, ಆಶ್ಚರ್ಯವಿತ್ತು. "ನೀನು ದೊಡ್ಡೋಳಾಗೋ ಹೊತ್ತಿಗೆ ಅಜ್ಜಿ ಹೋಗಿ ವರ್ಷದ ಮೇಲಾಗಿತ್ತು. ಅಮ್ಮ ಅದನ್ನೆಲ್ಲ ನಿಲ್ಲಿಸ್ಬುಟ್ಟಿದ್ರು. ಕೂತಿದ್ದು ನಾನು. ನೀನು ಜಗಲಿ ಕಂಬ ಹಿಡ್ಕೊಂಡು, ಅಕ್ಕಾ ಆಡೋಣ ಬಾ ಅಂತ ಅಳೋಳು."

"ಗೋಡೆ ಸುಣ್ಣ ಕೆರೀತಿದ್ದೆ ನಾನು."

"ಕೆರೀತಿದ್ದಿದ್ದು ನಾನು ಕಣೆ."

"ತುಟಿಗೆ ಹನಿ ಬಿದ್ದು ಉಗಿದಿದ್ದು?"

"ಅದೂ ನಾನೇ. ನಿನಗೆ ಹೇಳಿದ್ದೆ, ಆಮೇಲೆ. ಇಬ್ಬರೂ ನಕ್ಕಿದ್ವಲ್ಲ."

ವರ್ಷವರ್ಷವೂ ವೇದಿಕೆಯ ಮೇಲೆ ಅತ್ತಿದ್ದೆನಲ್ಲ, ಅದು ಯಾರ ಅಳು? ಲೆಕ್ಕ ಹಾಕಿ ನೋಡಿದೆ. ಅಜ್ಜಿ ಹೋದಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಅಕ್ಕ ಹೇಳಿದ್ದೇ ಸರಿ. ಅವಳ ಮೂಲೆಯನ್ನು, ಅವಳ ಸುಣ್ಣವನ್ನು, ಅವಳ ತುಟಿಯ ಹನಿಯನ್ನು ನಾನು ಯಾವಾಗಲೋ ಎತ್ತಿಕೊಂಡು ಬಂದು ನನ್ನದೆಂದು ಇಟ್ಟುಕೊಂಡಿದ್ದೆ.

"ಮತ್ತೆ ನೀನೇ ಕೂತಿದ್ದೋಳು, ನೀನೇ ಯಾಕೆ ಇದನ್ನ..." ಎಂದೆ.

ಅಕ್ಕ ಹಲಗೆಯ ಪಕ್ಕ ನೆಲದ ಮೇಲೆ ಕೂತಳು. "ಮೂರು ದಿನ ಯಾರೂ ಮುಟ್ತಿರ್ಲಿಲ್ಲ. ನಾಲ್ಕನೇ ದಿನ ಅಜ್ಜಿ ಗಂಜಲ ಹಾಕೋರು. ಅದು ಬಿದ್ಮೇಲೇ ತಾನೆ ಒಳಗೆ ಬಾ ಮಗಾ ಅಂತಿದ್ದಿದ್ದು? ಆ ವಾಸನೆ ಬಂದ್ರೆ ನಂಗೆ ಈಗ್ಲೂ ಖುಷಿಯಾಗತ್ತೆ. ಇದನ್ನ ಹಾಕ್ಬುಟ್ರೆ ಬೋಂಡ ಮಾಡಿದ್ದೂ ಶುದ್ಧ ಆಗ್ಬುಡತ್ತೆ, ಅವನು ಒಳಗೇ ಇರ್ಬೌದು ಅಂತ ಹಾಕ್ತಿದ್ದೆ. ಅವನಿಗೋಸ್ಕರಾನೇ ಹಾಕಿದ್ದು ಕಣೆ."

ನಾವಿಬ್ಬರೂ ಅವತ್ತೇ ಶ್ರೀರಾಂಪುರಕ್ಕೆ ಹೋದೆವು. ಅಕ್ಕ ಮೊಸರನ್ನದ ಡಬ್ಬಿ ಹಿಡಿದಿದ್ದಳು. ಕಾವಲಿನವನು ಮರಳಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದವನು ನಮ್ಮನ್ನು ನೋಡಿ ಎದ್ದ.

"ಅದು ಹೊಂಟೋಯ್ತು ಕಣಮ್ಮ. ಹಗ್ಗ ಕಡ್ಕೊಂಡು ಹೋಗ್ಬುಡ್ತು. ನಿಮ್ಮನೇಗೇ ಬಂದೈತೆ ಅಂದ್ಕೊಂಡೆ ನಾನು."

"ಯಾವಾಗ?"

"ಆಗ್ಲೇ ಆಯ್ತು. ನೀವು ಬುಟ್ಟೋದ ಮೇಲೆ ಒಂದಷ್ಟು ದಿನ ಇತ್ತು." ಅವನಿಗೆ ನಮ್ಮ ಮುಖ ನೋಡಿ ಏನೋ ಒಳ್ಳೆಯ ಮಾತು ಹೇಳಬೇಕೆನಿಸಿರಬೇಕು. "ಬಾಳ ಒಳ್ಳೆ ನಾಯಿ ಕಣಮ್ಮ. ಸಿಮೆಂಟ್ ರೂಮಲ್ಲಿ ನನ್ನ ಪಕ್ಕಾನೇ ಮಲಗದು. ಒಂದಿನಾನೂ ಒಳಗಡೆ ಗಲೀಜು ಮಾಡ್ಲಿಲ್ಲ."

ಅಕ್ಕ ಡಬ್ಬಿಯ ಮುಚ್ಚಳ ತೆರೆದು, ಮತ್ತೆ ಮುಚ್ಚಿದಳು.

ಶ್ರೀರಾಂಪುರದಿಂದ ದಟ್ಟಗಳ್ಳಿಯವರೆಗೆ ಆಟೋದವನನ್ನು ನಿಧಾನ ಓಡಿಸಲು ಹೇಳಿ ಎರಡೂ ಬದಿ ನೋಡಿದೆವು. ರಿಂಗ್ ರೋಡು ದಾಟುವಾಗ ಅಕ್ಕ ಕಣ್ಣು ಮುಚ್ಚಿಕೊಂಡಳು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮನೆಗೆ ಬರಲು ಬೋಂಡ ಅದನ್ನು ದಾಟಬೇಕಿತ್ತು. ಬೀದಿ ಬೀದಿಯಲ್ಲೂ ಕಂದು ನಾಯಿಗಳಿದ್ದವು, ಎರಡೂ ಕಿವಿ ನಿಂತವು, ಎರಡೂ ಕಿವಿ ಬಿದ್ದವು. ಆಮೇಲೂ ಎಷ್ಟೋ ಸಲ ಹೋದೆವು. ಒಂದು ದಿನ ಅವನು ಸಿಕ್ಕಿದ, ಬಡಕಲಾಗಿದ್ದ, ಅಕ್ಕನ ಸೆರಗು ಕಚ್ಚಿ ಎಳೆದ ಎಂದು ಇಲ್ಲಿ ಒಂದು ಪ್ಯಾರಾ ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು. ಹೊಡೆದುಹಾಕಿದ್ದೇನೆ. ಮೋರಿ ಪೈಪಿನ ಮಳೆಯಂತೆ ಅದೂ ಕೆಲವು ವರ್ಷಗಳಲ್ಲಿ ನಿಜವಾಗಿಬಿಡುತ್ತದೆ ಎಂಬ ಭಯ.

ಸುಮಾರು ದಿನಗಳ ಮೇಲೆ ಒಂದು ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಹೊರಗೆ ಬಂದರೆ ಅಕ್ಕ ಗೇಟಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿ ಅದೇ ಬಾಟಲಿ. ಎಲೆಯಿಲ್ಲ, ಚಿಮುಕಿಸುವುದಿಲ್ಲ, ಕಂಬದ ಬುಡಕ್ಕೆ ಧಾರೆಯಾಗಿ ಸುರಿಯುತ್ತಿದ್ದಳು.

"ಏನು ಮಾಡ್ತಿದ್ದೀಯೇ?"

"ನೀನೇ ಹೇಳಿದ್ಯಲ್ಲ. ಇದರ ವಾಸನೆ ಇರೋ ಕಡೆ ಬಂದೇ ಬರ್ತಾನೆ ಅಂತ."

"ಅದು ಉಚ್ಚೆ ಅಲ್ಲ ಅಂದಿದ್ದೆ ನೀನು."

"ಅಲ್ಲ." ತಲೆಯೆತ್ತಲಿಲ್ಲ. "ಆದ್ರೆ ಅವನಿಗೆ ಗೊತ್ತಿಲ್ವಲ್ಲ."

ಅಂದಿನಿಂದ ದಿನವೂ ಹಾಕುತ್ತಾಳೆ. ಸಿದ್ದಮ್ಮ ಈಗ ಹಾಲಿನ ಜೊತೆಗೇ ಬಾಟಲಿಯನ್ನೂ ತರುತ್ತಾಳೆ. ಗಂಜಲ ಕೆಲಸ ಮಾಡುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಬೀದಿಯ ಕರಿ ನಾಯಿ ಬರುತ್ತದೆ. ಕುಂಟು ನಾಯಿ ಬರುತ್ತದೆ. ಎಲ್ಲೆಲ್ಲಿಯವೋ, ನಾವು ಕಂಡೇ ಇರದವು ಬರುತ್ತವೆ. ಮೂಸುತ್ತವೆ, ಇನ್ನೊಮ್ಮೆ ಮೂಸುತ್ತವೆ, ನಮ್ಮ ಕಂಬಕ್ಕೆ ಕಾಲೆತ್ತಿ ಹೋಗುತ್ತವೆ. ಗೇಟಿನ ಬಣ್ಣ ಎದ್ದಿದೆ, ಬುಡದ ಕಬ್ಬಿಣ ತುಕ್ಕು ಹಿಡಿದಿದೆ. ಎದುರು ಮನೆಯಾಕೆ ಮೂಗಿಗೆ ಸೆರಗು ಹಿಡಿದುಕೊಂಡು ದಾಟುತ್ತಾರೆ. ಗೇಟು ಅಲುಗಿದ ಸದ್ದು ಕೇಳಿದಾಗಲೆಲ್ಲ ಅಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತಾಳೆ, ಕಿವಿ ನೋಡುತ್ತಾಳೆ, ವಾಪಸು ಬರುತ್ತಾಳೆ. ಯಾರು ಬಂದಿದ್ದರು ಎಂದು ನಾನು ಕೇಳುವುದಿಲ್ಲ.

ಒಳಗೆ ಮರದ ನೆಲ ಮಾತ್ರ ಹೊಸದರ ಹಾಗಿದೆ. ಅಕ್ಕ ಅಲ್ಲಿ ಗಂಜಲ ಹಾಕುವುದನ್ನು ನಿಲ್ಲಿಸಿದ್ದಾಳೆ, ನಾನು ಕಿಣ್ವ ಸುರಿಯುವುದನ್ನು ನಿಲ್ಲಿಸಿದ್ದೇನೆ. ಇಂದು ಬೆಳಿಗ್ಗೆ ಅವಳು ಗೇಟಿನ ಬಳಿ ಇದ್ದಾಗ ಮಂಡಿಯೂರಿ, ದೇವರ ಮನೆ ಮುಂದಿನ ಆ ಹಲಗೆಗೆ ಮೂಗು ತಾಗಿಸಿ ಮೂಸಿದೆ. ಯಾವ ವಾಸನೆಯೂ ಇಲ್ಲ.